ಮನೆಯಲ್ಲಿ ಗುರಿ ಅಭ್ಯಾಸಕ್ಕೆ ಮಿತವ್ಯಯದ ಏರ್ ಪಿಸ್ತೂಲಿನ ಆಯ್ಕೆ: ಸಾರ್ವಜನಿಕರಿಗೆ ಮಾಹಿತಿ

10 ಮೀಟರ್ ಏರ್ ಪಿಸ್ತೂಲ್ ಒಲಿಂಪಿಕ್ ಸ್ಪರ್ಧೆಗಳಲ್ಲಿ ಒಂದಾಗಿದೆ. ಈ ವಿಭಾಗದಲ್ಲಿ ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರು 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಪದಕವನ್ನೂ, ಮನು ಭಾಕರ್ ಅವರು 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚಿನ ಪದಕವನ್ನೂ ಗಳಿಸಿದ್ದಾರೆ. ಮನೆಯಲ್ಲಿಯೇ ಅಭ್ಯಾಸ ಮಾಡಬಯಸುವ ನಾಗರಿಕರು ಖರೀದಿಗೆ ಮುನ್ನ ತಿಳಿದಿರಬೇಕಾದ ಅಂಶಗಳನ್ನು ಈ ಕೆಳಗೆ ವಿವರಿಸಲಾಗಿದೆ.

1. ಪರವಾನಗಿ ಅಗತ್ಯವೇ?

ಆಯುಧ ನಿಯಮಗಳು, 2016ರ ಪ್ರಕಾರ ನಳಿಕೆಯ ಬಾಯಿಯಲ್ಲಿ ಶಕ್ತಿಯು 20 ಜೌಲ್ ಮೀರಿದ ಅಥವಾ ನಳಿಕೆಯ ಒಳವ್ಯಾಸವು 4.5 ಮಿ.ಮೀ. (0.177 ಅಂಗುಲ) ಮೀರಿದ ಗಾಳಿ ಆಯುಧಗಳಿಗೆ ಪರವಾನಗಿ ಕಡ್ಡಾಯ. ಆದುದರಿಂದ 5.5 ಮಿ.ಮೀ. (0.22 ಅಂಗುಲ) ಪಿಸ್ತೂಲಿಗೆ, ಅದರ ಶಕ್ತಿ ಕಡಿಮೆ ಇದ್ದರೂ, ಪರವಾನಗಿ ಬೇಕಾಗುತ್ತದೆ. ಎರಡೂ ಮಿತಿಗಳೊಳಗಿನ ಪಿಸ್ತೂಲಿಗೆ ಪರವಾನಗಿಯ ಅಗತ್ಯವಿಲ್ಲ.

ಶಕ್ತಿಯನ್ನು ಖರೀದಿದಾರರೇ ಲೆಕ್ಕ ಹಾಕಬಹುದು. ಗುಂಡಿನ ತೂಕವನ್ನು (ಗ್ರಾಂ) ವೇಗದ (ಸೆಕೆಂಡಿಗೆ ಮೀಟರ್) ವರ್ಗದಿಂದ ಗುಣಿಸಿ 2000ದಿಂದ ಭಾಗಿಸತಕ್ಕದ್ದು. ಉದಾಹರಣೆಗೆ, 0.5 ಗ್ರಾಂ ತೂಕದ ಗುಂಡು ಸೆಕೆಂಡಿಗೆ 150 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ ಸುಮಾರು 5.6 ಜೌಲ್. ವೇಗವನ್ನು ಅಡಿಗಳಲ್ಲಿ ನೀಡಿದ್ದರೆ ಅದನ್ನು ಮೊದಲು 3.28ರಿಂದ ಭಾಗಿಸಿಕೊಳ್ಳಬೇಕು.

2. ಹೆಚ್ಚು ವೇಗ ಎಂದರೆ ಹೆಚ್ಚು ಗುಣಮಟ್ಟವಲ್ಲ

ಜಾಹೀರಾತುಗಳಲ್ಲಿ ವೇಗಕ್ಕೆ ಹೆಚ್ಚಿನ ಪ್ರಾಮುಖ್ಯ ನೀಡಲಾಗುತ್ತದೆ. ಆದರೆ 10 ಮೀಟರ್ ಅಂತರದ ಕಾಗದದ ಗುರಿಗೆ ಮೇಲೆ ಹೇಳಿದ ವೇಗವೇ ಸಾಕಷ್ಟಾಗುತ್ತದೆ. ವೇಗ ಹೆಚ್ಚಿದಷ್ಟೂ ಸದ್ದು, ಒದೆತ ಹಾಗೂ ಗುಂಡು ಪುಟಿಯುವ ಅಪಾಯ ಹೆಚ್ಚುತ್ತವೆ. ಅಭ್ಯಾಸಕ್ಕೆ ಮುಖ್ಯವಾದವು ಮೂರು: ಪ್ರತಿ ಬಾರಿಯೂ ಒಂದೇ ರೀತಿ ಬಿಡುಗಡೆಯಾಗುವ ಟ್ರಿಗರ್, ಸರಿಹೊಂದಿಸಬಹುದಾದ ಸೈಟ್ ಮತ್ತು ಕೈಗೆ ಹೊಂದುವ ಹಿಡಿ. ಮುಂದೆ ಸ್ಪರ್ಧಿಸಬಯಸುವವರು ಅಂತಾರಾಷ್ಟ್ರೀಯ ನಿಯಮಗಳನ್ನು ಗಮನದಲ್ಲಿಡುವುದು ಒಳಿತು: ಪಿಸ್ತೂಲಿನ ತೂಕ 1500 ಗ್ರಾಂ ಮೀರಬಾರದು, ಟ್ರಿಗರ್ ಸೆಳೆತ 500 ಗ್ರಾಂಗಿಂತ ಕಡಿಮೆ ಇರಬಾರದು.

3. ವಿಧಗಳು ಮತ್ತು ವೆಚ್ಚ

ಅ) ಸ್ಪ್ರಿಂಗ್ ಪಿಸ್ತೂಲ್: ಸಾಮಾನ್ಯವಾಗಿ ಬೆಲೆ ಕಡಿಮೆ; ಅನಿಲದ ಖರ್ಚಿಲ್ಲ. ಆದರೆ ಸಜ್ಜುಗೊಳಿಸಲು ಬಲ ಬೇಕು, ಒದೆತವೂ ಇರುತ್ತದೆ. ಗುಂಡಿಲ್ಲದೆ ಹಾರಿಸಿದರೆ ಸ್ಪ್ರಿಂಗ್ ಮತ್ತು ಸೀಲ್ ಹಾಳಾಗಬಹುದು.

ಆ) ಇಂಗಾಲದ ಡೈಆಕ್ಸೈಡ್ ಅನಿಲದ ಪಿಸ್ತೂಲ್: ಬಳಸಲು ಸುಲಭ. 12 ಗ್ರಾಂ ಅನಿಲ ಗುಳಿಗೆಗಳನ್ನು ಪದೇ ಪದೇ ಕೊಳ್ಳಬೇಕಾಗುತ್ತದೆ. ತಾಪಮಾನ ಬದಲಾದಂತೆ ವೇಗವೂ ಬದಲಾಗುತ್ತದೆ.

ಇ) ಒಂದೇ ಬಾರಿ ಗಾಳಿ ಒತ್ತುವ ಪಿಸ್ತೂಲ್: ಸನ್ನೆಯನ್ನು ಒಮ್ಮೆ ಎಳೆದು ಮಡಚಿದರೆ ಒಂದು ಗುಂಡಿಗೆ ಬೇಕಾದ ಗಾಳಿ ತುಂಬುತ್ತದೆ. ಒದೆತ ಅತ್ಯಲ್ಪ, ಅನಿಲದ ಖರ್ಚಿಲ್ಲ. ಮಿತ ವೆಚ್ಚದ ಅಭ್ಯಾಸಕ್ಕೆ ಇದು ಸೂಕ್ತ.

ಈ) ಮೊದಲೇ ಗಾಳಿ ತುಂಬಿದ ಸಿಲಿಂಡರಿನ ಪಿಸ್ತೂಲ್ (ಪಿಸಿಪಿ): ಸ್ಪರ್ಧೆಗೆ ಉತ್ತಮ, ಆದರೆ ದುಬಾರಿ. ಗಾಳಿ ತುಂಬುವ ಪಂಪಿನ ವೆಚ್ಚವೂ ಸೇರುತ್ತದೆ. ಬಳಸಿದ ಪಿಸ್ತೂಲನ್ನು ಕೊಳ್ಳುವವರು ಸಿಲಿಂಡರಿನ ಮೇಲಿನ ದಿನಾಂಕವನ್ನು ಪರಿಶೀಲಿಸತಕ್ಕದ್ದು; ಅವಧಿ ಮೀರಿದ ಸಿಲಿಂಡರನ್ನು ಬಳಸಬಾರದು.

ಪಿಸ್ತೂಲಿನ ಬೆಲೆಯೊಂದೇ ಒಟ್ಟು ವೆಚ್ಚವಲ್ಲ. ಗುಂಡು ತಡೆಯುವ ಪೆಟ್ಟಿಗೆ, ರಕ್ಷಣಾ ಕನ್ನಡಕ, ಬೀಗವಿರುವ ಪೆಟ್ಟಿಗೆ ಮತ್ತು ಗುಂಡುಗಳಿಗೆ ಹಣವನ್ನು ಮೊದಲೇ ತೆಗೆದಿರಿಸಿ, ಉಳಿದ ಮೊತ್ತದಲ್ಲಿ ಪಿಸ್ತೂಲನ್ನು ಆರಿಸುವುದು ಸರಿಯಾದ ಕ್ರಮ.

4. ಮನೆಯಲ್ಲಿ ಸುರಕ್ಷತೆ

5 ಜೌಲ್ ಶಕ್ತಿಯ ಗುಂಡು ಸಹ ಒಂದು ಕಣ್ಣನ್ನು ಶಾಶ್ವತವಾಗಿ ಕಳೆಯಬಲ್ಲದು. ಪರವಾನಗಿ ಬೇಡವೆಂದ ಮಾತ್ರಕ್ಕೆ ಏರ್ ಪಿಸ್ತೂಲ್ ಆಟಿಕೆಯಾಗುವುದಿಲ್ಲ. ಆದುದರಿಂದ ಈ ಕೆಳಕಂಡವುಗಳನ್ನು ತಪ್ಪದೆ ಪಾಲಿಸತಕ್ಕದ್ದು:

• ಗುರಿಯ ಹಿಂದೆ ಕೆಳಮುಖವಾಗಿ ಓರೆಯಾಗಿಸಿದ ದಪ್ಪ ಉಕ್ಕಿನ ತಗಡುಳ್ಳ ಪೆಟ್ಟಿಗೆಯನ್ನು, ಅದರ ಹಿಂದೆ ದಪ್ಪ ಕಂಬಳಿಯನ್ನು ಇರಿಸಬೇಕು. ಬರಿಯ ಗೋಡೆ ಅಥವಾ ಕಲ್ಲಿನತ್ತ ಹಾರಿಸಬಾರದು.
• ಪುಟಿಯುವ ಉಕ್ಕಿನ ಗೋಲಿಗಳನ್ನು ಬಳಸದೆ, ಚಪ್ಪಟೆ ತಲೆಯ ಸೀಸದ ಗುಂಡುಗಳನ್ನೇ ಬಳಸಬೇಕು.
• ಗುರಿಯ ದಿಕ್ಕಿನಲ್ಲಿ ಬಾಗಿಲು, ಕಿಟಕಿ, ರಸ್ತೆ ಅಥವಾ ನೆರೆಮನೆಯ ಆವರಣ ಇರಬಾರದು.
• ಹಾರಿಸುವವರೂ ಹತ್ತಿರವಿರುವವರೂ ರಕ್ಷಣಾ ಕನ್ನಡಕ ಧರಿಸಬೇಕು. ಮಕ್ಕಳು ವಯಸ್ಕರ ನೇರ ಮೇಲ್ವಿಚಾರಣೆಯಿಲ್ಲದೆ ಪಿಸ್ತೂಲನ್ನು ಮುಟ್ಟಬಾರದು.
• ಅಭ್ಯಾಸದ ನಂತರ ಸೋಪಿನಿಂದ ಕೈ ತೊಳೆಯಬೇಕು, ಸೀಸವು ವಿಷಕಾರಿ.
• ಪಿಸ್ತೂಲು ಖಾಲಿ ಇರುವುದನ್ನು ಖಚಿತಪಡಿಸಿಕೊಂಡು ಬೀಗ ಹಾಕಿ ಇಡಬೇಕು. ಗುಂಡುಗಳನ್ನು ಪ್ರತ್ಯೇಕವಾಗಿ ಇರಿಸಬೇಕು.

10 ಮೀಟರ್ ಸ್ಥಳಾವಕಾಶವಿಲ್ಲದವರು 5 ಮೀಟರ್ ಅಂತರದಲ್ಲಿ ಅರ್ಧ ಗಾತ್ರದ ಗುರಿಪತ್ರವನ್ನು ಬಳಸಬಹುದು. ಪ್ರಮಾಣಿತ ಗುರಿಯ ಕಪ್ಪು ವೃತ್ತ 59.5 ಮಿ.ಮೀ. ಇರುವುದರಿಂದ ಇಲ್ಲಿ ಸುಮಾರು 30 ಮಿ.ಮೀ. ವೃತ್ತ ಸಾಕು.

5. ಖರೀದಿ, ಸಾಗಣೆ ಮತ್ತು ನಿಷೇಧಗಳು

ಅಧಿಕೃತ ಮಾರಾಟಗಾರರಲ್ಲಿಯೇ ಖರೀದಿಸಿ, ಮಾದರಿ, ಕ್ರಮಸಂಖ್ಯೆ ಮತ್ತು ಒಳವ್ಯಾಸ ನಮೂದಿಸಿದ ರಸೀದಿಯನ್ನು ಪಡೆದು ಕಾಯ್ದಿರಿಸಬೇಕು. ಭಾವಚಿತ್ರವಿರುವ ಗುರುತಿನ ಚೀಟಿ ಹಾಗೂ ವಿಳಾಸದ ದಾಖಲೆಯನ್ನು ಜೊತೆಗೆ ಒಯ್ಯುವುದು. ಏರ್ ಪಿಸ್ತೂಲ್ ನೋಟಕ್ಕೆ ನಿಜವಾದ ಪಿಸ್ತೂಲಿನಂತೆಯೇ ಇರುವುದರಿಂದ ಸಾರ್ವಜನಿಕ ಸ್ಥಳಗಳಲ್ಲಿ ಪ್ರದರ್ಶಿಸದೆ, ಮುಚ್ಚಿದ ಪೆಟ್ಟಿಗೆಯಲ್ಲಿ ಸಾಗಿಸಬೇಕು. ಇದರಿಂದ ವನ್ಯಪ್ರಾಣಿ ಪಕ್ಷಿಗಳನ್ನು ಬೇಟೆಯಾಡುವುದು ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರಡಿ ಶಿಕ್ಷಾರ್ಹ ಅಪರಾಧವಾಗಿದೆ.

6. ಪರವಾನಗಿ ಅಗತ್ಯವಿದ್ದಲ್ಲಿ

ಮಿತಿಯನ್ನು ಮೀರಿದ ಆಯುಧವನ್ನು ಹೊಂದಬಯಸುವವರು ಖರೀದಿಗೆ ಮೊದಲೇ ನಿಗದಿತ ನಮೂನೆಯಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಪೊಲೀಸ್ ಆಯುಕ್ತಾಲಯವಿರುವ ನಗರಗಳಲ್ಲಿ ಪೊಲೀಸ್ ಆಯುಕ್ತರ ಕಚೇರಿಯನ್ನು, ಇತರೆಡೆ ಜಿಲ್ಲಾ ದಂಡಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸುವುದು. ಕ್ರಮಬದ್ಧ ತರಬೇತಿ ಬಯಸುವವರು ಮಾನ್ಯತೆ ಪಡೆದ ರೈಫಲ್ ಸಂಸ್ಥೆ ಅಥವಾ ಶೂಟಿಂಗ್ ಕ್ಲಬ್ಬಿನಲ್ಲಿ ವಿವಿಧ ಪಿಸ್ತೂಲುಗಳನ್ನು ಹಿಡಿದು ನೋಡಿದ ನಂತರವೇ ಖರೀದಿಯ ನಿರ್ಧಾರ ಕೈಗೊಳ್ಳುವುದು ಸೂಕ್ತ.