ಕಲಿಕಾ ಸಾಮಗ್ರಿಗಾಗಿ ಪ್ರಾಂಪ್ಟ್ ರಚನೆ

ಪ್ರಾಂಪ್ಟ್ ಎಂದರೆ ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್‌ಗೆ ಬಳಕೆದಾರರು ನೀಡುವ ಸೂಚನೆ. ಪಾಠ ಯೋಜನೆ, ಅಭ್ಯಾಸ ಹಾಳೆ, ರಸಪ್ರಶ್ನೆ ಮೊದಲಾದವುಗಳನ್ನು ಸಿದ್ಧಪಡಿಸಲು ಇಂತಹ ಸೂಚನೆಯನ್ನು ಕ್ರಮಬದ್ಧವಾಗಿ ಬರೆಯುವುದನ್ನು ಕಲಿಕಾ ಸಾಮಗ್ರಿಗಾಗಿ ಪ್ರಾಂಪ್ಟ್ ರಚನೆ ಎನ್ನಬಹುದು. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಸಾರ್ವಜನಿಕ ಬಳಕೆಗೆ ಬಂದ ನಂತರ ಈ ಪದ್ಧತಿ ವ್ಯಾಪಕವಾಯಿತು. ಈ ಲೇಖನದಲ್ಲಿ ಹೊಸಪೇಟೆ, ಹಂಪಿ, ಸಂಡೂರು ಮತ್ತು ಕಂಪ್ಲಿ ಪರಿಸರದ ಉದಾಹರಣೆಗಳ ಮೂಲಕ ಅದನ್ನು ವಿವರಿಸಲಾಗಿದೆ.

ಹಿನ್ನೆಲೆ

ಚಾಟ್‌ಬಾಟ್‌ಗಳು ಬೃಹತ್ ಭಾಷಾ ಮಾದರಿಗಳನ್ನು ಆಧರಿಸಿವೆ. ಅಪಾರ ಪಠ್ಯದಿಂದ ಕಲಿತ ಈ ಮಾದರಿಗಳು ಮುಂದೆ ಬರಬಹುದಾದ ಪದವನ್ನು ಊಹಿಸುತ್ತಾ ಉತ್ತರವನ್ನು ರಚಿಸುತ್ತವೆ. ಆದ್ದರಿಂದ ತಪ್ಪು ಸಂಗತಿಯೂ ಶುದ್ಧ ವಾಕ್ಯದಲ್ಲಿ ಮೂಡಿಬರಬಹುದು. ಅಂತರಜಾಲದಲ್ಲಿ ಕನ್ನಡ ಪಠ್ಯವು ಇಂಗ್ಲಿಷ್‌ಗಿಂತ ಬಹಳ ಕಡಿಮೆ. ಒಂದೊಂದು ತಾಲ್ಲೂಕಿನ ಕುರಿತ ಬರಹ ಇನ್ನೂ ವಿರಳ. ಹೀಗಾಗಿ ಸ್ಥಳೀಯ ಪಾಠಗಳಿಗೆ ಮಾಹಿತಿಯನ್ನು ಚಾಟ್‌ಬಾಟ್‌ನಿಂದ ಪಡೆಯುವುದಕ್ಕಿಂತ, ಖಚಿತ ಮಾಹಿತಿಯನ್ನು ಪ್ರಾಂಪ್ಟ್‌ನಲ್ಲಿಯೇ ಒದಗಿಸಿ ಅದಕ್ಕೆ ಪಾಠದ ರೂಪ ಕೊಡಿಸುವುದು ಸೂಕ್ತ.

ಪ್ರಾಂಪ್ಟ್‌ನ ಅಂಗಗಳು

• ಕಲಿಯುವವರು: ತರಗತಿ, ಮಾಧ್ಯಮ ಮತ್ತು ಪೂರ್ವಜ್ಞಾನ.
• ಉದ್ದೇಶ: ಪಾಠದ ನಂತರ ವಿದ್ಯಾರ್ಥಿಗೆ ತಿಳಿದಿರಬೇಕಾದ ಅಂಶ.
• ಆಧಾರ: ಪಠ್ಯಪುಸ್ತಕದ ಭಾಗ ಅಥವಾ ಪರಿಶೀಲಿಸಿದ ವಾಕ್ಯಗಳು.
• ರೂಪ: ಪ್ರಶ್ನೆಗಳ ಸಂಖ್ಯೆ, ಬಗೆ, ಉತ್ತರ ಸೂಚಿ.
• ಮಿತಿ: ಮಾಡಬಾರದ ಕೆಲಸಗಳು.

ಉದಾಹರಣೆ

“ಹಂಪಿಯ ಬಗ್ಗೆ ಬರೆಯಿರಿ” ಎಂಬ ಸೂಚನೆಗೆ ಪ್ರವಾಸಿ ಕೈಪಿಡಿಯಂತಹ ಬರಹ ದೊರೆಯುವ ಸಂಭವವೇ ಹೆಚ್ಚು. ಮೇಲಿನ ಅಂಗಗಳನ್ನು ಸೇರಿಸಿದಾಗ ಅದೇ ಸೂಚನೆ ಹೀಗಾಗುತ್ತದೆ:

“ಕನ್ನಡ ಮಾಧ್ಯಮದ 7ನೇ ತರಗತಿಯ ಮಕ್ಕಳು ಹಂಪಿಯ ಇತಿಹಾಸದ ಮುಖ್ಯ ಘಟ್ಟಗಳನ್ನು ನೆನಪಿಡಲು ನೆರವಾಗುವ 3 ಬಹು ಆಯ್ಕೆ ಪ್ರಶ್ನೆಗಳನ್ನು ಉತ್ತರ ಸೂಚಿಯೊಂದಿಗೆ ರಚಿಸಿ. ಆಧಾರ: ಹಂಪಿಯು ವಿಜಯನಗರ ಸಾಮ್ರಾಜ್ಯದ ರಾಜಧಾನಿಯಾಗಿತ್ತು. 1565ರ ಯುದ್ಧದ ನಂತರ ನಗರವು ಹಾಳಾಯಿತು. ಅಲ್ಲಿನ ಸ್ಮಾರಕಗಳು 1986ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಇದರಲ್ಲಿ ಇಲ್ಲದ ಸಂಗತಿಯನ್ನು ಸೇರಿಸಬೇಡಿ.”

ಇತರ ವಿಷಯಗಳಿಗೂ ಪರಿಚಿತ ಪರಿಸರವನ್ನು ಬಳಸಬಹುದು. ಲೋಹಗಳ ಪಾಠಕ್ಕೆ ಸಂಡೂರಿನ ಕಬ್ಬಿಣದ ಅದಿರನ್ನು, ವಿಸ್ತೀರ್ಣದ ಲೆಕ್ಕಗಳಿಗೆ ಕಂಪ್ಲಿಯ ಭತ್ತದ ಗದ್ದೆಗಳನ್ನು ಉದಾಹರಣೆಯಾಗಿ ಸೂಚಿಸಬಹುದು. ಮೊದಲ ಉತ್ತರ ಕಠಿಣವೆನಿಸಿದರೆ “ವಾಕ್ಯಗಳನ್ನು ಚಿಕ್ಕದಾಗಿಸಿ” ಎಂಬಂತಹ ಮುಂದಿನ ಸೂಚನೆಯಿಂದ ತಿದ್ದಿಸಬಹುದು.

ಪರಿಶೀಲನೆ

2021ರಲ್ಲಿ ಬಳ್ಳಾರಿ ಜಿಲ್ಲೆಯನ್ನು ವಿಭಜಿಸಿ ವಿಜಯನಗರ ಜಿಲ್ಲೆಯನ್ನು ರಚಿಸಲಾಯಿತು. ಹೊಸಪೇಟೆ ಅದರ ಕೇಂದ್ರವಾಯಿತು. ಹಂಪಿ ಹೊಸಪೇಟೆ ತಾಲ್ಲೂಕಿನಲ್ಲಿದೆ. ಸಂಡೂರು ಮತ್ತು ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದವು. ಹಳೆಯ ಬರಹಗಳಲ್ಲಿ ನಾಲ್ಕೂ ಊರುಗಳು ಬಳ್ಳಾರಿ ಜಿಲ್ಲೆಗೆ ಸೇರಿರುವುದರಿಂದ ಚಾಟ್‌ಬಾಟ್ ಹಳೆಯ ವಿವರವನ್ನೇ ನೀಡಬಹುದು. ಹಾಗೆಯೇ, 2024ರ ಆಗಸ್ಟ್ 10ರಂದು ತುಂಗಭದ್ರಾ ಜಲಾಶಯದ 33 ಕ್ರೆಸ್ಟ್ ಗೇಟ್‌ಗಳಲ್ಲಿ 19ನೆಯದು ಕೊಚ್ಚಿಹೋಯಿತು. ಅದಕ್ಕೂ ಮೊದಲಿನ ಪಠ್ಯದಿಂದಷ್ಟೇ ಕಲಿತ ಮಾದರಿಗೆ ಈ ಘಟನೆ ತಿಳಿದಿರುವುದಿಲ್ಲ. ಇಂತಹ ತಪ್ಪು ಅಭ್ಯಾಸ ಹಾಳೆಗೆ ಸೇರಿದರೆ ಮಕ್ಕಳು ತಮ್ಮ ಊರಿನ ಬಗ್ಗೆಯೇ ತಪ್ಪು ಕಲಿಯುತ್ತಾರೆ. ಆದ್ದರಿಂದ ಇಸವಿ, ಸ್ಥಳನಾಮ ಮತ್ತು ಅಂಕಿಅಂಶಗಳನ್ನು ಪಠ್ಯಪುಸ್ತಕ, ಗ್ಯಾಸೆಟಿಯರ್ ಅಥವಾ ಸರ್ಕಾರಿ ಪ್ರಕಟಣೆಗಳೊಂದಿಗೆ ಹೋಲಿಸಿ ನೋಡುವುದು ಅಗತ್ಯ.

ಬಳಕೆಯ ಎಚ್ಚರಗಳು

ವಿದ್ಯಾರ್ಥಿಗಳ ಹೆಸರು, ಅಂಕ, ದೂರವಾಣಿ ಸಂಖ್ಯೆ ಮುಂತಾದ ಖಾಸಗಿ ವಿವರಗಳನ್ನು ಪ್ರಾಂಪ್ಟ್‌ನಲ್ಲಿ ನಮೂದಿಸಬಾರದು. ಸ್ವಂತ ಅಧ್ಯಯನಕ್ಕೆ ಬಳಸುವ ವಿದ್ಯಾರ್ಥಿಗಳು ಸಿದ್ಧ ಉತ್ತರವನ್ನು ಕೇಳುವ ಬದಲು, ತಮ್ಮನ್ನು ಪ್ರಶ್ನಿಸುವಂತೆ ಅಥವಾ ತಾವು ಬರೆದ ಉತ್ತರದ ದೋಷಗಳನ್ನು ತೋರಿಸುವಂತೆ ಕೇಳಿದರೆ ಕಲಿಕೆಗೆ ಹೆಚ್ಚು ಪ್ರಯೋಜನವಾಗುತ್ತದೆ.