ಲೋಹಶೋಧಕದ ಆಳಸಾಮರ್ಥ್ಯ ಮತ್ತು ಧ್ವನಿಯ ಹೊಂದಿಕೆ: ಯುದ್ಧಭೂಮಿ ಪುರಾತತ್ತ್ವದ ಒಂದು ವಿಧಾನಪ್ರಶ್ನೆ

ಪೀಠಿಕೆ

ಮಣ್ಣಿನಡಿಯ ಲೋಹವನ್ನು ಅಗೆಯದೆಯೇ ಗುರುತಿಸುವ ಲೋಹಶೋಧಕವನ್ನು, ಅಂದರೆ ಜನಬಳಕೆಯ ಮೆಟಲ್ ಡಿಟೆಕ್ಟರನ್ನು, ಪುರಾತತ್ತ್ವಜ್ಞರು ಬಹುಕಾಲ ನಿಧಿಗಳ್ಳರ ಸಾಧನವೆಂದೇ ಭಾವಿಸಿ ದೂರವಿಟ್ಟಿದ್ದರು. ಅಮೆರಿಕದ ಮೊಂಟಾನಾ ರಾಜ್ಯದ ಲಿಟ್ಲ್ ಬಿಗ್‌ಹಾರ್ನ್ ಯುದ್ಧಭೂಮಿಯಲ್ಲಿ 1984 ಮತ್ತು 1985ರಲ್ಲಿ ನಡೆದ ಕ್ರಮಬದ್ಧ ಸರ್ವೇಕ್ಷಣೆಯು ಈ ನಿಲುವನ್ನು ಬಹುಮಟ್ಟಿಗೆ ಸಡಿಲಿಸಿ, ಯುದ್ಧಭೂಮಿಗಳ ಅಧ್ಯಯನದಲ್ಲಿ ಈ ಉಪಕರಣಕ್ಕೆ ಮಾನ್ಯತೆ ತಂದುಕೊಟ್ಟಿತು. ಆದರೆ ಉಪಕರಣಕ್ಕೆ ದೊರೆತ ಮಾನ್ಯತೆ ಅದರ ಹೊಂದಿಕೆಗಳ ಚರ್ಚೆಗೆ ಅಷ್ಟಾಗಿ ದೊರೆತಿಲ್ಲ. ಒಂದು ಶೋಧಕ ಎಷ್ಟು ಆಳದ ವಸ್ತುವನ್ನು ಹಿಡಿಯುತ್ತದೆ ಎಂಬುದು ಯಂತ್ರಕ್ಕೆ ಅಂಟಿದ ಸ್ಥಿರ ಸಂಖ್ಯೆಯಲ್ಲ. ವಸ್ತು, ನೆಲ, ಯಂತ್ರದ ಧ್ವನಿಹೊಂದಿಕೆ ಮತ್ತು ಕೇಳುವವರ ಕಿವಿ, ಈ ನಾಲ್ಕೂ ಕೂಡಿ ಅದನ್ನು ನಿರ್ಧರಿಸುತ್ತವೆ. ಆದ್ದರಿಂದ ಧ್ವನಿಯ ಹೊಂದಿಕೆಯನ್ನು ಕೇವಲ ಅನುಕೂಲದ ಮಾತಾಗಿ ನೋಡದೆ, ಯಾವ ಸಾಕ್ಷ್ಯ ದಾಖಲಾಗಬೇಕು, ಯಾವುದು ಮಣ್ಣಲ್ಲೇ ಉಳಿಯಬೇಕು ಎಂಬುದನ್ನು ತೀರ್ಮಾನಿಸುವ ವಿಧಾನದ ಭಾಗವಾಗಿ ಪರಿಗಣಿಸಬೇಕೆಂಬುದು ಪ್ರಸ್ತುತ ಲೇಖನದ ವಾದ.

ಆಳದ ಮಿತಿಗೆ ಕಾರಣ

ಸಾಮಾನ್ಯ ಬಳಕೆಯ ಲೋಹಶೋಧಕದ ತಟ್ಟೆಯಲ್ಲಿ ಎರಡು ತಂತಿಸುರುಳಿಗಳಿರುತ್ತವೆ. ಮೊದಲನೆಯದರಲ್ಲಿ ಹರಿಯುವ, ಸೆಕೆಂಡಿಗೆ ಕೆಲವು ಸಾವಿರ ಬಾರಿ ದಿಕ್ಕು ಬದಲಿಸುವ ವಿದ್ಯುತ್ತು ಮಣ್ಣಿನೊಳಗೆ ಕಾಂತಕ್ಷೇತ್ರವನ್ನು ಕಳಿಸುತ್ತದೆ. ಆ ಕ್ಷೇತ್ರ ಲೋಹವನ್ನು ಮುಟ್ಟಿದಾಗ ಲೋಹದಲ್ಲಿ ಸುಳಿಪ್ರವಾಹ, ಅಂದರೆ ಸುಳಿಯಂತೆ ಸುತ್ತುವ ವಿದ್ಯುತ್ಪ್ರವಾಹ, ಹುಟ್ಟುತ್ತದೆ. ಆ ಪ್ರವಾಹ ಹೊಮ್ಮಿಸುವ ಕ್ಷೀಣ ಮರುಕ್ಷೇತ್ರವನ್ನು ಎರಡನೆಯ ಸುರುಳಿ ಗ್ರಹಿಸುತ್ತದೆ. ಎರಡು ಸುರುಳಿಗಳನ್ನು ಪರಸ್ಪರ ಸಮತೋಲದಲ್ಲಿಟ್ಟು ಲೋಹವನ್ನು ಹುಡುಕುವ ಈ ತತ್ತ್ವವನ್ನೇ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್ ಅವರ ದೇಹದೊಳಗಿನ ಗುಂಡನ್ನು ಪತ್ತೆಮಾಡಲು ಬಳಸಿದ್ದರು. ಆ ಯತ್ನ ವಿಫಲವಾಗಲು ಹಾಸಿಗೆಯಲ್ಲಿದ್ದ ಉಕ್ಕಿನ ಸ್ಪ್ರಿಂಗುಗಳೂ ಕಾರಣವೆಂದು ಹೇಳಲಾಗುತ್ತದೆ. ನೆರೆಯ ಕಬ್ಬಿಣ ಇನ್ನೊಂದು ಲೋಹದ ಸಂಕೇತವನ್ನು ಮುಚ್ಚಿಬಿಡುವ ತೊಡಕು ಈ ವಿದ್ಯೆಗೆ ಹುಟ್ಟಿನಿಂದಲೇ ಬಂದದ್ದು.

ಸುರುಳಿಯಿಂದ ದೂರ ಸರಿದಂತೆ ಕ್ಷೇತ್ರವು ಅಂತರದ ಘನಕ್ಕೆ ವಿಲೋಮವಾಗಿ ಕುಗ್ಗುತ್ತದೆ. ವಸ್ತುವಿನಿಂದ ಮರಳುವ ಕ್ಷೇತ್ರವೂ ಹಾಗೆಯೇ ಕುಗ್ಗುವುದರಿಂದ, ಸುರುಳಿಯ ಅಳತೆಗೆ ಹೋಲಿಸಿದರೆ ಸಾಕಷ್ಟು ದೂರದಲ್ಲಿರುವ ಚಿಕ್ಕ ವಸ್ತುವಿನ ಸಂಕೇತ ಅಂತರದ ಆರನೆಯ ಘಾತಕ್ಕೆ ವಿಲೋಮವಾಗಿರುತ್ತದೆ. ಎಂದರೆ ಆಳ ಇಮ್ಮಡಿಯಾದರೆ ಸಂಕೇತ 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ತಿರುಗಿಸಿ ಹೇಳುವುದಾದರೆ, ಯಂತ್ರದ ಸಂವೇದನೆಯನ್ನು ಇಮ್ಮಡಿಗೊಳಿಸಿದರೂ ಆಳ ಹೆಚ್ಚುವುದು ಸುಮಾರು 12 ಪ್ರತಿಶತ ಮಾತ್ರ. ದೊಡ್ಡ ಸುರುಳಿ ಹೆಚ್ಚು ಆಳಕ್ಕೆ ಇಳಿಯುತ್ತದೆಯಾದರೂ ಒಂದೇ ಸಲಕ್ಕೆ ಹೆಚ್ಚು ನೆಲವನ್ನು ನೋಡುವುದರಿಂದ ಅಕ್ಕಪಕ್ಕದ ವಸ್ತುಗಳನ್ನು ಬಿಡಿಸಿ ತೋರಿಸಲಾರದು. ಮಲಗಿದ ನಾಣ್ಯಕ್ಕಿಂತ ಅಂಚಿನ ಮೇಲೆ ನಿಂತ ನಾಣ್ಯ ದುರ್ಬಲ ಸಂಕೇತ ಕೊಡುವುದೂ ಸುಳಿಪ್ರವಾಹಕ್ಕೆ ಎದುರಾಗುವ ಮೈ ಕಿರಿದಾಗುವುದರಿಂದಲೇ.

ನೆಲವೂ ಸುಮ್ಮನಿರುವುದಿಲ್ಲ. ಮ್ಯಾಗ್ನೆಟೈಟ್, ಮ್ಯಾಗ್‌ಹೆಮೈಟ್ ಮೊದಲಾದ ಕಾಂತೀಯ ಕಬ್ಬಿಣದ ಆಕ್ಸೈಡುಗಳಿರುವ ಮಣ್ಣು ತಾನೇ ಸಂಕೇತ ಕೊಡುತ್ತದೆ. ಒದ್ದೆಯಾದ ಉಪ್ಪುಮಣ್ಣು ವಿದ್ಯುದ್ವಾಹಕವಾಗಿ ವರ್ತಿಸುತ್ತದೆ. ಈ ಹಿನ್ನೆಲೆಯನ್ನು ಕಳೆದುಹಾಕುವ ಹೊಂದಿಕೆಗೆ ಭೂಸಮತೋಲನ ಎನ್ನಬಹುದು. ಅದು ಸರಿಯಿದ್ದರೂ ಆಳದ ವಸ್ತುವಿನ ಸಣ್ಣ ಸಂಕೇತ ನೆಲದ ದೊಡ್ಡ ಸಂಕೇತದೊಡನೆ ಬೆರೆತೇ ಮೇಲೆ ಬರುತ್ತದೆ.

ಧ್ವನಿಯ ಹೊಂದಿಕೆ

ಕಳಿಸಿದ ಅಲೆಗೂ ಮರಳಿದ ಅಲೆಗೂ ನಡುವಣ ಹಿನ್ನಡೆಯನ್ನು, ಅಂದರೆ ಫೇಸ್ ವ್ಯತ್ಯಾಸವನ್ನು, ಅಳೆದು ಯಂತ್ರವು ಲೋಹದ ಬಗೆಯನ್ನು ಊಹಿಸುತ್ತದೆ. ವಾಹಕತೆ ಹೆಚ್ಚಿರುವ ಬೆಳ್ಳಿ, ತಾಮ್ರಗಳು ಒಂದು ತುದಿಯಲ್ಲೂ, ಕಾಂತೀಯವಾದ ಕಬ್ಬಿಣದ ಮೊಳೆ ಮತ್ತೊಂದು ತುದಿಯಲ್ಲೂ, ಸೀಸದ ಗುಂಡು ಇವುಗಳ ನಡುವೆಯೂ ಬೀಳುತ್ತವೆ. ಈ ಊಹೆಯನ್ನು ಕಿವಿಗೆ ಮುಟ್ಟಿಸಲು ಬಹುತೇಕ ಯಂತ್ರಗಳು ಕಬ್ಬಿಣಕ್ಕೆ ಮಂದ್ರ, ಸೀಸದಂಥವಕ್ಕೆ ಮಧ್ಯ, ತಾಮ್ರ ಬೆಳ್ಳಿಗಳಿಗೆ ತಾರ ಸ್ಥಾಯಿಯ ಸ್ವರವನ್ನು ನೀಡುತ್ತವೆ. ಸುರುಳಿಯ ಕಾರ್ಯಾವೃತ್ತಿಗೂ ಕೇಳುವ ಸ್ವರದ ಆವೃತ್ತಿಗೂ ನೇರ ಸಂಬಂಧವಿಲ್ಲ; ಎರಡನೆಯದು ಬಳಕೆದಾರರು ಬದಲಿಸಿಕೊಳ್ಳಬಹುದಾದ ಸಂಕೇತಮಾತ್ರ.

ಆಳದ ದೃಷ್ಟಿಯಿಂದ ಇಲ್ಲಿ ಮೂರು ಸಂಗತಿಗಳು ಮುಖ್ಯ. ಮೊದಲನೆಯದು ಆಧಾರಧ್ವನಿ: ಲೋಹವಿಲ್ಲದಾಗಲೂ ಸಣ್ಣಗೆ ಮಿಡಿಯುತ್ತಿರುವ ಈ ನಾದ ತಂಬೂರಿಯ ಶ್ರುತಿಯಂತೆ ಕೆಲಸಮಾಡುತ್ತದೆ, ಪೂರ್ಣ ಸ್ವರವಾಗಿ ಏಳಲಾರದಷ್ಟು ದುರ್ಬಲ ಸಂಕೇತವೂ ಆ ಶ್ರುತಿಯನ್ನು ಕದಡುವುದರಿಂದ ತನ್ನ ಇರವನ್ನು ತಿಳಿಸುತ್ತದೆ. ಆಧಾರಧ್ವನಿಯನ್ನು ಪೂರ್ತಿ ಆರಿಸಿದರೆ ಅಂಥ ಸುಳಿವು ಕಳೆದುಹೋಗುತ್ತದೆ. ಎರಡನೆಯದು ಗಟ್ಟಿತನದ ಕ್ರಮ: ಸಂಕೇತದ ಬಲಕ್ಕೆ ತಕ್ಕಂತೆ ಸ್ವರ ಏರಿಳಿಯುವ ಹೊಂದಿಕೆಯಲ್ಲಿ ಆಳದ ಅಂದಾಜು ಸಿಗುತ್ತದೆ, ಆದರೆ ಆಳದವು ಕೇಳದೆ ಹೋಗಬಹುದು, ಎಲ್ಲವನ್ನೂ ಗಟ್ಟಿಯಾಗಿಯೇ ನುಡಿಸುವ ಹೊಂದಿಕೆಯಲ್ಲಿ ಆಳದವೂ ಕೇಳುತ್ತವೆ, ಆದರೆ ಆಳ ಮೇಲ್ಮೈಗಳ ಭೇದ ಅಳಿಸುತ್ತದೆ. ಮೂರನೆಯದು ಚೇತರಿಕೆಯ ವೇಗ, ಅಂದರೆ ಒಂದು ಸಂಕೇತ ಮುಗಿಸಿ ಯಂತ್ರವು ಮುಂದಿನದಕ್ಕೆ ಸಿದ್ಧವಾಗುವ ಅವಧಿ. ಅದು ಚುರುಕಾದರೆ ಮೊಳೆಯ ಪಕ್ಕದ ಗುಂಡು ಬೇರೆಯಾಗಿ ಕೇಳುತ್ತದೆ, ಆಳ ಕೊಂಚ ತಗ್ಗುತ್ತದೆ. ನಿಧಾನವಾದರೆ ಫಲ ತಿರುವುಮುರುವು.

ಇವುಗಳಿಗಿಂತ ಹೆಚ್ಚು ಪರಿಣಾಮಕಾರಿಯಾದುದು ವರ್ಜನೆ, ಅಂದರೆ ಬೇಡವಾದ ಲೋಹವರ್ಗವನ್ನು ಮೌನಗೊಳಿಸುವ ಹೊಂದಿಕೆ. ತುಕ್ಕು ಹಿಡಿದ ಕಬ್ಬಿಣವನ್ನು ಕೇಳಿ ಬೇಸತ್ತವರು ಅದನ್ನು ಮೌನವಾಗಿಸುವುದು ಸಹಜ. ಆದರೆ ಖನಿಜಾಂಶ ಹೆಚ್ಚಿರುವ ನೆಲದಲ್ಲಿ ಆಳದ ಸೀಸ ಅಥವಾ ತಾಮ್ರದ ವಸ್ತುವಿನ ಫೇಸ್ ನೆಲದ ಫೇಸ್‌ನೊಡನೆ ಬೆರೆತು ಕಬ್ಬಿಣದ ವರ್ಗಕ್ಕೆ ಜಾರುತ್ತದೆ. ಆಗ ಕಬ್ಬಿಣಕ್ಕೆ ಹಾಕಿದ ಬೀಗ ಆಳದ ಗುಂಡಿಗೂ ಬೀಳುತ್ತದೆ. ಕಬ್ಬಿಣವನ್ನು ಮೌನಗೊಳಿಸದೆ ಮಂದ್ರದಲ್ಲಿ ಉಳಿಸಿಕೊಂಡರೂ ಎಚ್ಚರ ತಪ್ಪುವಂತಿಲ್ಲ. ಮನುಷ್ಯನ ಕಿವಿ 2,000ದಿಂದ 4,000 ಹರ್ಟ್ಸ್ ಆವೃತ್ತಿಯ ಆಸುಪಾಸಿನಲ್ಲಿ ಅತಿ ಸೂಕ್ಷ್ಮವಾಗಿದ್ದು, ಕೆಳಗಿನ ಸ್ವರಗಳಿಗೆ ಮಂದವಾಗಿರುತ್ತದೆ. ಹೀಗಾಗಿ ಅದೇ ಬಲದ ಸಂಕೇತ ಮಂದ್ರದಲ್ಲಿ ನುಡಿದಾಗ ಕೇಳದೆ ಹೋಗುವ ಸಂಭವ ಹೆಚ್ಚು. ವಯಸ್ಸಾದಂತೆ ತಾರಸ್ವರಗಳ ಶ್ರವಣವೂ ಕುಗ್ಗುವುದರಿಂದ, ಸ್ವರಗಳನ್ನು ಆಯಾ ಸಮೀಕ್ಷಕರ ಕಿವಿಗೆ ತಕ್ಕಂತೆ ಹೊಂದಿಸಿಕೊಳ್ಳುವುದು ಆಳವನ್ನು ಗಳಿಸುವ ಅತಿ ಅಗ್ಗದ ದಾರಿ.

ಲಿಟ್ಲ್ ಬಿಗ್‌ಹಾರ್ನ್‌ನ ಸಾಕ್ಷ್ಯ

1876ರ ಜೂನ್ 25 ಮತ್ತು 26ರಂದು ಲಕೋಟಾ, ಉತ್ತರ ಶೈಯೆನ್ ಮತ್ತು ಅರಪಾಹೋ ಯೋಧರು ಅಮೆರಿಕದ ಏಳನೆಯ ಅಶ್ವದಳದೊಡನೆ ಕಾದಿದ ಈ ಭೂಮಿಯಲ್ಲಿ, 1983ರ ಆಗಸ್ಟಿನ ಕಾಳ್ಗಿಚ್ಚು ಹುಲ್ಲನ್ನು ಸುಟ್ಟು ನೆಲವನ್ನು ತೆರೆದಿಟ್ಟಿತು. ಅನಂತರ ಡಗ್ಲಸ್ ಸ್ಕಾಟ್ ಮತ್ತು ರಿಚರ್ಡ್ ಫಾಕ್ಸ್ ಅವರ ಮುಂದಾಳತ್ವದಲ್ಲಿ ಸ್ವಯಂಸೇವಕ ಶೋಧಕರು ಸುಮಾರು 5 ಮೀಟರ್ ಅಂತರದಲ್ಲಿ ಸಾಲಾಗಿ ನಡೆದು, ಸ್ವರ ಎದ್ದ ಕಡೆಯಲ್ಲೆಲ್ಲ ಬಾವುಟ ನೆಟ್ಟರು. ಹಿಂದೆ ಬಂದ ತಂಡ ವಸ್ತುವನ್ನು ತೆರೆಯಿತು, ಮತ್ತೊಂದು ತಂಡ ಅದರ ಸ್ಥಾನ ಅಳೆದು ಬರೆದುಕೊಂಡಿತು. ಹುಡುಕುವ ಕಿವಿ ಮತ್ತು ಅಗೆಯುವ ಕೈ ಬೇರೆಯಾದದ್ದೇ ನಿಧಿಬೇಟೆಗೂ ಶೋಧನೆಗೂ ಇರುವ ಅಂತರ.

ದೊರೆತ ತೋಟಾಕೋಶಗಳ ಮೇಲೆ ಬಂದೂಕಿನ ಹೊಡೆಗಡ್ಡಿ ಉಳಿಸಿದ ಗುರುತನ್ನು ಪೊಲೀಸ್ ಪ್ರಯೋಗಾಲಯದ ಕ್ರಮದಲ್ಲಿ ಹೋಲಿಸಿ, ಒಂದೊಂದು ಬಂದೂಕು ಎಲ್ಲಿಂದೆಲ್ಲಿಗೆ ಸಾಗಿತೆಂದು ನಕ್ಷೆ ಬರೆಯಲು ಸಾಧ್ಯವಾಯಿತು. ಯೋಧರ ಕೈಯಲ್ಲಿ ಹೆನ್ರಿ, ವಿಂಚೆಸ್ಟರ್‌ನಂಥ ಸರಣಿ ಗುಂಡಿನ ಬಂದೂಕುಗಳು ಗಣನೀಯವಾಗಿದ್ದವೆಂಬುದು ಹೀಗೆ ದೃಢಪಟ್ಟಿತು. ಈ ಕೋಶಗಳು ತಾಮ್ರಮಿಶ್ರಲೋಹದವು, ಗುಂಡುಗಳು ಸೀಸದವು. ಆದರೆ ಬಾಣದ ಮೊನೆಗಳು, ಬೂಟಿನ ಮೊಳೆಗಳು, ಕುದುರೆ ಲಾಳದ ಮೊಳೆಗಳು ಕಬ್ಬಿಣದವು. ಕಬ್ಬಿಣವನ್ನು ಮೌನಗೊಳಿಸಿ ನಡೆಸಿದ ಸರ್ವೇಕ್ಷಣೆಯಲ್ಲಿ ಬಂದೂಕಿನ ಕದನ ಮಾತ್ರ ಕೇಳಿಸಿ, ಬಿಲ್ಲಿನ ಕದನ ಅಳಿದುಹೋಗುತ್ತದೆ. ಯಾರು ಹೇಗೆ ಹೋರಾಡಿದರೆಂಬ ಚರಿತ್ರೆ ಯಂತ್ರದ ಒಂದು ಗುಂಡಿಯಿಂದಲೇ ಓರೆಯಾಗುತ್ತದೆ.

ಕರ್ನಾಟಕದ ಸಂದರ್ಭ

ಈ ಮಾತು ಕರ್ನಾಟಕಕ್ಕೂ ನೇರವಾಗಿ ಅನ್ವಯಿಸುತ್ತದೆ. 2018ರಲ್ಲಿ ರಾಜ್ಯ ಪುರಾತತ್ತ್ವ ಇಲಾಖೆಯು ಶಿವಮೊಗ್ಗ ಜಿಲ್ಲೆಯ ನಗರ, ಅಂದರೆ ಹಳೆಯ ಬಿದನೂರಿನ, ಪಾಳುಬಾವಿಯೊಂದರಿಂದ ಟಿಪ್ಪು ಸುಲ್ತಾನನ ಕಾಲದವೆಂದು ಗುರುತಿಸಲಾದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳನ್ನು ಹೊರತೆಗೆಯಿತು. ಮೈಸೂರು ರಾಕೆಟ್‌ಗಳ ಹಿರಿಮೆಯೇ ಅವುಗಳ ಕಬ್ಬಿಣದ ಕೊಳವೆ. ಅಂಥ ಕೊಳವೆ ತುಂಡಾಗಿ ತುಕ್ಕು ಹಿಡಿದಿದ್ದರೆ ವರ್ಜಿತ ಕಬ್ಬಿಣದ ಸಾಲಿಗೆ ಸೇರಬಹುದು. ಇಡಿಯಾಗಿದ್ದರೆ ಗಾತ್ರದಿಂದಾಗಿ ತಾಮ್ರದ ತಾರಸ್ವರವನ್ನೂ ನುಡಿಯಬಹುದು. ಎರಡರಲ್ಲೂ ಪರದೆಯ ಮೇಲಿನ ಅಂಕೆಯನ್ನು ನಂಬುವಂತಿಲ್ಲ. ಕಬ್ಬಿಣದ ಆಕ್ಸೈಡು ತುಂಬಿದ ಮಲೆನಾಡು ಮತ್ತು ಕರಾವಳಿಯ ಜಂಬಿಟ್ಟಿಗೆ ಮಣ್ಣಿನಲ್ಲಿ ತಯಾರಕರು ಹೇಳುವ ಆಳವನ್ನು ಆಧಾರವಾಗಿ ತೆಗೆದುಕೊಳ್ಳುವುದು ಸಲ್ಲದು. ಅದೇ ಮಣ್ಣಿನಲ್ಲಿ ತಿಳಿದ ಆಳಕ್ಕೆ ಮೊಳೆ, ಸೀಸದ ಗುಂಡು, ತಾಮ್ರದ ನಾಣ್ಯಗಳನ್ನು ಹೂತು, ಪ್ರತಿ ಹೊಂದಿಕೆಯಲ್ಲೂ ಪರೀಕ್ಷಿಸಿ ನೋಡಬೇಕು.

ಕಾನೂನಿನ ಎಲ್ಲೆಯೂ ಇಲ್ಲಿ ಸ್ಪಷ್ಟ. ಲಿಟ್ಲ್ ಬಿಗ್‌ಹಾರ್ನ್‌ನಂಥ ಅಮೆರಿಕದ ಸರ್ಕಾರಿ ನೆಲದಲ್ಲಿ ಪುರಾತನ ವಸ್ತುಗಳ ಅನಧಿಕೃತ ಅಗೆತವನ್ನು 1979ರ ಕಾಯಿದೆ ನಿಷೇಧಿಸಿದೆ. ಭಾರತದಲ್ಲಿ 1878ರ ನಿಧಿ ಕಾಯಿದೆಯು ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕವರು ಕಲೆಕ್ಟರಿಗೆ ತಿಳಿಸಬೇಕೆಂದು ವಿಧಿಸಿತು. ಕರ್ನಾಟಕ 1962ರಲ್ಲಿ ತನ್ನದೇ ನಿಧಿ ಕಾಯಿದೆಯನ್ನು ರೂಪಿಸಿಕೊಂಡಿದೆ. ಆದ್ದರಿಂದ ಇಲ್ಲಿ ಚರ್ಚಿಸಿದ ವಿಧಾನ ಅನುಮತಿ ಪಡೆದ ಸರ್ವೇಕ್ಷಣೆಗೆ ಮಾತ್ರ ಸಲ್ಲುತ್ತದೆ.

ಸಮಾರೋಪ

ಉತ್ಖನನದ ವರದಿಯಲ್ಲಿ ಗುಂಡಿಯ ಅಳತೆ ಮತ್ತು ಮಣ್ಣಿನ ಪದರಗಳು ದಾಖಲಾಗುವಂತೆ, ಲೋಹಶೋಧಕ ಸರ್ವೇಕ್ಷಣೆಯ ವರದಿಯಲ್ಲಿ ಸುರುಳಿಯ ಅಳತೆ, ಭೂಸಮತೋಲನ, ಸ್ವರಗಳ ಹಂಚಿಕೆ, ವರ್ಜನೆಯ ಮಟ್ಟ, ಚೇತರಿಕೆಯ ವೇಗ ಮತ್ತು ನಡಿಗೆಯ ಸಾಲುಗಳ ಅಂತರ ದಾಖಲಾಗಬೇಕು. ಇವಿಲ್ಲದ ವರದಿಯಲ್ಲಿ 'ಏನೂ ದೊರೆಯಲಿಲ್ಲ' ಎಂಬ ವಾಕ್ಯ ನೆಲ ಬರಿದಾಗಿತ್ತೆಂದು ಸಾಧಿಸಲಾರದು. ಆ ದಿನ ಆ ಹೊಂದಿಕೆಯಲ್ಲಿ ಏನೂ ಕೇಳಿಸಲಿಲ್ಲವೆಂಬುದಕ್ಕಷ್ಟೇ ಅದು ಸಾಕ್ಷಿ.