ಅಯ್ಯಾವೊಳೆಯಿಂದ ಎಲೆಕ್ಟ್ರಾನಿಕ್ಸ್ ಸಿಟಿಯವರೆಗೆ

ಅಂಬಲಮುಗಳಿನಂಥ ಊರಿನಲ್ಲಿ ಸಂಸಾರ ಹೂಡಿರುವವರಿಗೆ ಒಂದು ಗಡಿರೇಖೆ ಚೆನ್ನಾಗಿ ಪರಿಚಿತವಾದುದು. ಕಾರ್ಖಾನೆಯ ಬೇಲಿಯ ಒಳಗಿರುವ ರಸ್ತೆ, ದೀಪ, ಚರಂಡಿಗಳ ಯೋಗಕ್ಷೇಮವನ್ನು ಕಾರ್ಖಾನೆಯೇ ವಹಿಸಿಕೊಳ್ಳುತ್ತದೆ. ಗೇಟಿನಿಂದ ಆಚೆಗೆ ಇರುವುದು ಪಂಚಾಯತಿಯ ಅಥವಾ ಸರ್ಕಾರದ ಪಾಲು. ಆದರೆ ಗೇಟಿನ ಮುಂದೆ ಹುಟ್ಟಿಕೊಳ್ಳುವ ಅಂಗಡಿಬೀದಿ, ಲಾರಿಗಳ ಸಾಲು, ಬಸ್ಸಿಗೆ ಕಾದು ನಿಲ್ಲುವ ಜನ, ಇವುಗಳ ವಿಚಾರವನ್ನು ನೋಡತಕ್ಕವರು ಯಾರು? 1966ರಲ್ಲಿ ಇಲ್ಲಿ ತೈಲ ಶುದ್ಧೀಕರಣಾಗಾರವು ಆರಂಭವಾದಂದಿನಿಂದ ಈ ಪ್ರಶ್ನೆಯೂ ಊರಿನೊಡನೆಯೇ ಬೆಳೆದು ಬಂದಿದೆ.

ವ್ಯಾಪಾರ ಉದ್ಯಮಗಳನ್ನು ನಡೆಸುವವರೇ ಕೂಡಿ, ತಮ್ಮ ಮೇಲೆ ತಾವೇ ಒಂದು ತೆರಿಗೆಯನ್ನು ಹಾಕಿಕೊಂಡು, ಆ ಹಣದಿಂದ ತಮ್ಮ ಪೇಟೆಯನ್ನು ಊರ್ಜಿತಗೊಳಿಸಬೇಕೆಂಬುದು ಇದಕ್ಕೆ ಒಂದು ಉತ್ತರ. ಇಂಗ್ಲಿಷಿನಲ್ಲಿ ‘ಬಿಸಿನೆಸ್ ಇಂಪ್ರೂವ್‌ಮೆಂಟ್ ಡಿಸ್ಟ್ರಿಕ್ಟ್’ ಎಂದು ಇದನ್ನು ಕರೆಯುತ್ತಾರೆ. ನಾವು ‘ಪೇಟೆ ಸುಧಾರಣಾ ವಲಯ’ ಎನ್ನೋಣ. ಹೆಸರು ಹೊಸದಾದರೂ ಅದರ ಬೀಜ ಕನ್ನಡನಾಡಿನಲ್ಲಿ ಬಹು ಹಿಂದೆಯೇ ಬಿದ್ದಿದ್ದಿತು.

ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆಯೇ ಶಾಸನಗಳಲ್ಲಿ ಬರುವ ಅಯ್ಯಾವೊಳೆ. ಅದರ ಹೆಸರನ್ನು ಹೊತ್ತ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘವು ಚಾಲುಕ್ಯ ಹೊಯ್ಸಳರ ಕಾಲದಲ್ಲಿ ದಕ್ಷಿಣಾಪಥವನ್ನೆಲ್ಲ ವ್ಯಾಪಿಸಿಕೊಂಡಿದ್ದಿತು. ಶಿಕಾರಿಪುರ ಸೀಮೆಯ ಹನ್ನೊಂದನೆಯ ಶತಮಾನದ ಶಾಸನವೊಂದು ಇವರು ಸಂಚರಿಸುತ್ತಿದ್ದ ನಾಡುಗಳನ್ನು ಎಣಿಸುವಾಗ ಚೇರ, ಚೋಳ, ಪಾಂಡ್ಯ, ಮಲೆಯಗಳನ್ನು ಹೆಸರಿಸಿ, ಅವರ ಸರಕುಗಳಲ್ಲಿ ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರಗಳನ್ನು ಹೇಳುತ್ತದೆ. ಜೀವನೋಪಾಯಕ್ಕಾಗಿ ಈ ಕಡೆಗೆ ಬಂದ ಕನ್ನಡಿಗರಲ್ಲಿ ನಾವೇ ಮೊದಲಿಗರಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಈ ವರ್ತಕರು ಲಾಭವನ್ನು ಗಂಟು ಕಟ್ಟಿಕೊಂಡು ಹೊರಟುಹೋಗುವವರಾಗಿರಲಿಲ್ಲ. ಹೇರಿಗೆ ಇಷ್ಟು ಎಲೆ, ಇಷ್ಟು ಅಡಕೆ ಎಂದು ತಮ್ಮ ಸರಕಿನ ಮೇಲೆ ತಾವೇ ನಿಷ್ಕರ್ಷೆ ಮಾಡಿಕೊಂಡು, ಅದನ್ನು ಊರ ದೇವಾಲಯಕ್ಕೂ ಧರ್ಮಕಾರ್ಯಕ್ಕೂ ಬಿಟ್ಟುಕೊಟ್ಟ ಶಾಸನಗಳು ಅನೇಕ. ಪೇಟೆಯ ಮುಖಂಡನಿಗೆ ಪಟ್ಟಣಸ್ವಾಮಿ ಎಂಬ ಬಿರುದಿತ್ತು. 1062ರ ಸುಮಾರಿನಲ್ಲಿ ಹೊಂಬುಜದ ಪಟ್ಟಣಸ್ವಾಮಿ ನೊಕ್ಕಯ್ಯಸೆಟ್ಟಿಯು ಬಸದಿಯನ್ನು ಮಾತ್ರವಲ್ಲದೆ ಕೆರೆಗಳನ್ನೂ ಕಟ್ಟಿಸಿದನು. ಕೇರಳವೂ ಇದರಲ್ಲಿ ಹಿಂದುಳಿದಿರಲಿಲ್ಲ. 849ರ ಕೊಲ್ಲಂ ತಾಮ್ರಪಟದಲ್ಲಿ ಅಂಜುವಣ್ಣಂ, ಮಣಿಗ್ರಾಮಂ ಎಂಬ ವರ್ತಕ ಸಂಘಗಳಿಗೆ ಅಲ್ಲಿಯ ಇಗರ್ಜಿಯ ಹಕ್ಕುಗಳನ್ನು ಕಾಯುವ ಹೊಣೆಯನ್ನು ಒಪ್ಪಿಸಿದೆ. ಗಮನಿಸಬೇಕಾದ ಸಂಗತಿಯೆಂದರೆ, ಕೊಡುವುದೆಷ್ಟು, ಯಾವ ಕಾರ್ಯಕ್ಕೆ ಎಂಬುದನ್ನು ನಮ್ಮ ಪೂರ್ವಿಕರು ಎಲ್ಲರೂ ಓಡಾಡುವ ಸ್ಥಳದಲ್ಲಿ ಕಲ್ಲಿನ ಮೇಲೆ ಕೊರೆಯಿಸುತ್ತಿದ್ದರು.

ಕಾಲಾನಂತರ ಪುರಸಭೆಗಳು ಬಂದುವು. ಫೋರ್ಟ್ ಕೊಚ್ಚಿಯ ಪುರಸಭೆ 1866ರಲ್ಲಿ ಸ್ಥಾಪನೆಯಾಯಿತು. ಅದೂ ಮಟ್ಟಾಂಚೇರಿ, ಎರ್ನಾಕುಲಂ ಪುರಸಭೆಗಳೂ ಕೂಡಿ 1967ರ ನವೆಂಬರ್ 1ರಂದು ಕೊಚ್ಚಿ ನಗರಸಭೆಯಾಯಿತು. ಊರಿಗೆಲ್ಲ ಒಂದೇ ಬೊಕ್ಕಸ, ಒಂದೇ ಆಡಳಿತ. ಬಡವರ ಕೇರಿಗೂ ನೀರು ದೀಪಗಳು ಬರಬೇಕಾದರೆ ಇದು ಅವಶ್ಯಕವೇ. ಆದರೆ ಒಂದು ಬೀದಿಯವರು ಕೊಟ್ಟ ಹಣ ಆ ಬೀದಿಗೇ ಹಿಂದಿರುಗುವುದೆಂಬ ಭರವಸೆ ಇದರಲ್ಲಿ ಇರುವುದಿಲ್ಲ.

ಈ ಕೊರತೆಯನ್ನು ಕೆನಡಾ ದೇಶದ ಟೊರಾಂಟೊ ನಗರದ ಅಂಗಡಿಕಾರರು ತಮ್ಮದೇ ರೀತಿಯಲ್ಲಿ ಎದುರಿಸಿದರು. ಅಲ್ಲಿಯ ಬ್ಲೂರ್ ಬೀದಿಯ ಪಶ್ಚಿಮ ಭಾಗಕ್ಕೆ 1968ರಲ್ಲಿ ನೆಲದಡಿಯ ರೈಲು ಬಂದಿತು. ಟ್ರಾಮಿನಿಂದಿಳಿದು ಅಂಗಡಿಗೆ ನುಗ್ಗುತ್ತಿದ್ದ ಗಿರಾಕಿ ಈಗ ಅಂಗಡಿಯ ಅಡಿಯಲ್ಲಿಯೇ ಹಾದುಹೋದನು. ದೊಡ್ಡ ದೊಡ್ಡ ಮಾಲುಗಳೂ ಅವನನ್ನು ಸೆಳೆದುವು. ವರ್ತಕರು ಚಂದಾ ಎತ್ತಿದರು. ಕೆಲವರು ಕೊಟ್ಟರು, ಕೆಲವರು ಕೊಡದೆಯೇ ಫಲವನ್ನು ಉಂಡರು. ಹೊರನಾಡಿನಲ್ಲಿ ಕನ್ನಡ ಸಂಘವನ್ನು ನಡೆಸಿದವರಿಗೆ ಈ ಕಷ್ಟವನ್ನು ವಿವರಿಸಬೇಕಾಗಿಲ್ಲ! ಕೊನೆಗೆ ಅವರು, ವಲಯದ ಪ್ರತಿಯೊಬ್ಬ ವ್ಯಾಪಾರಿಯಿಂದಲೂ ಹಣವನ್ನು ಕಡ್ಡಾಯವಾಗಿ ವಸೂಲು ಮಾಡಿ ತಮ್ಮ ಮಂಡಳಿಗೆ ಕೊಡಬೇಕೆಂದು ನಗರಾಡಳಿತವನ್ನು ಕೇಳಿಕೊಂಡರು. ಕಾನೂನಾಯಿತು, 1970ರಲ್ಲಿ ಜಗತ್ತಿನ ಮೊದಲನೆಯ ಇಂತಹ ವಲಯ ಅಲ್ಲಿ ಹುಟ್ಟಿತು. ಇಂಗ್ಲೆಂಡು 2003ರ ತನ್ನ ಕಾನೂನಿನಲ್ಲಿ ಇನ್ನೂ ಜಾಗರೂಕತೆ ವಹಿಸಿತು. ಅಲ್ಲಿ ವಲಯವಾಗಬೇಕಾದರೆ ಎರಡು ಬಹುಮತ ಬೇಕು: ಮತ ಕೊಟ್ಟವರ ತಲೆಯೆಣಿಕೆಯಲ್ಲಿ ಒಂದು, ಅವರ ಕಟ್ಟಡಗಳಿಗೆ ತೆರಿಗೆಗಾಗಿ ಗೊತ್ತುಮಾಡಿದ ಬೆಲೆಯ ಲೆಕ್ಕದಲ್ಲಿ ಇನ್ನೊಂದು. ದೊಡ್ಡವನು ಚಿಕ್ಕವರನ್ನು ತುಳಿಯಲಾರ; ಚಿಕ್ಕವರು ಕೂಡಿ ದೊಡ್ಡವನ ಮೇಲೆಯೇ ಹೊರೆಯನ್ನು ಹೇರಲಾರರು. ಐದು ವರ್ಷ ಕಳೆಯುವುದರೊಳಗೆ ಮರಳಿ ಮತ ಕೇಳಬೇಕು.

ಕರ್ನಾಟಕದಲ್ಲಿ ಇದಕ್ಕೆ ಬಹಳ ಸಮೀಪವಾದುದು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಿಟಿ. ಕಿಯೋನಿಕ್ಸ್ ಸಂಸ್ಥೆಯು ಅದರ ಅಧ್ಯಕ್ಷರಾಗಿದ್ದ ಆರ್. ಕೆ. ಬಾಳಿಗರ ಕಲ್ಪನೆಯಂತೆ 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಗಳಲ್ಲಿ ಇದನ್ನು ಸ್ಥಾಪಿಸಿತು. ಅಂಬಲಮುಗಳಿನಂತೆಯೇ ಅದೂ ನಗರದ ಎಲ್ಲೆಯಾಚೆ ಪಂಚಾಯತಿಯ ನೆಲದಲ್ಲಿ ಬೆಳೆಯಿತು. ಅಲ್ಲಿಯ ಉದ್ಯಮಗಳು 1992ರಲ್ಲಿ ಸಂಘ ಕಟ್ಟಿಕೊಂಡುವು. 1997ರಲ್ಲಿ ಪ್ರದೇಶದ ನಿರ್ವಹಣೆ ಆ ಸಂಘದ ಕೈಗೆ ಬಂದಿತು. ಸಂಘವು ಚಂದಾ ಕೇಳಬಹುದೇ ಹೊರತು ತೆರಿಗೆ ಹಾಕಲಾರದು. 2013ರಲ್ಲಿ ಸರ್ಕಾರವು ಕೈಗಾರಿಕಾ ಪಟ್ಟಣ ಪ್ರಾಧಿಕಾರವನ್ನು ರಚಿಸಿದ ಮೇಲೆ ಅಲ್ಲಿಯ ಆಸ್ತಿತೆರಿಗೆ ಅಲ್ಲಿಯೇ ಸಂಗ್ರಹವಾಗಿ ಅಲ್ಲಿಯ ರಸ್ತೆ ದೀಪಗಳಿಗೆ ವೆಚ್ಚವಾಗತೊಡಗಿತು. ಒಂದು ಪಾಲು ನೆರೆಯ ಗ್ರಾಮ ಪಂಚಾಯತಿಗಳಿಗೆ ಸಲ್ಲುತ್ತದೆ. ಕೆಲಸವೇನೋ ಅಚ್ಚುಕಟ್ಟಾಯಿತು. ಆದರೆ ಪ್ರಾಧಿಕಾರದ ಸದಸ್ಯರು ಜನರಿಂದ ಚುನಾಯಿತರಾದವರಲ್ಲ, ಸರ್ಕಾರದಿಂದ ನಾಮನಿರ್ದೇಶಿತರಾದವರು.

ನಮ್ಮ ನೆರೆಯ ಕಿಳಕ್ಕಂಬಲಂ ಪಂಚಾಯತಿಯಲ್ಲಿ ಇದರ ವಿಪರ್ಯಾಸವನ್ನು ಕಾಣಬಹುದು. ಅಲ್ಲಿ 2015ರಲ್ಲಿ, ಊರಿನ ಒಂದು ಉಡುಪು ತಯಾರಿಕಾ ಸಂಸ್ಥೆಯ ಬೆಂಬಲವಿದ್ದ ಟ್ವೆಂಟಿ20 ಎಂಬ ಸಂಘಟನೆಯು 19 ವಾರ್ಡುಗಳಲ್ಲಿ 17ನ್ನು ಗೆದ್ದಿತು. ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ ಎಲ್ಲರ ಹಣವಿದೆ, ಜನರ ಮತವಿಲ್ಲ. ಕಿಳಕ್ಕಂಬಲಂನಲ್ಲಿ ಜನರ ಮತವಿದ್ದಿತು, ಆದರೆ ಒಂದೇ ಸಂಸ್ಥೆಯ ಔದಾರ್ಯವನ್ನು ನೆಚ್ಚಬೇಕಾಗಿದ್ದಿತು. ಎರಡೂ ಅರ್ಧ ಅರ್ಧವೇ.

ಆದುದರಿಂದ ಪೇಟೆ ಸುಧಾರಣೆಯ ಮಾತು ನಮ್ಮ ಕಡೆಗೂ ಬಂದಾಗ ನಾವು ಕೇಳಬೇಕಾದುದು ದೀಪದ ಕಂಬಗಳ ಲೆಕ್ಕವನ್ನಷ್ಟೇ ಅಲ್ಲ. ತೆರಿಗೆಯನ್ನು ನೇರವಾಗಿ ಕಟ್ಟದೆ ಆ ಬೀದಿಯನ್ನೇ ಬದುಕಾಗಿಸಿಕೊಂಡವರು ಬಹು ಮಂದಿ: ಬಾಡಿಗೆ ಮನೆಯ ಸಂಸಾರ, ರಸ್ತೆಬದಿಯ ಮೀನು ಮಾರುವಾಕೆ, ಗುತ್ತಿಗೆಯ ಕೂಲಿಯಾಳು. ಬೀದಿ ಅಂದವಾಗಬೇಕೆಂದು ಇವರನ್ನೇ ಅಲ್ಲಿಂದ ಎಬ್ಬಿಸಿದರೆ ಆ ಸುಧಾರಣೆ ಯಾರಿಗಾಗಿ? ಭಾಷೆ ಬೇರೆಯಾದ ಊರಿನಲ್ಲಿ ಬಾಡಿಗೆ ಮನೆ ಹಿಡಿದು ಬದುಕನ್ನು ಆರಂಭಿಸಿದ ನಾವು ಈ ಮಾತನ್ನು ಇತರರಿಗಿಂತ ಬೇಗ ಅರಿಯಬಲ್ಲೆವು. ಕೊಡುವವರ ಲೆಕ್ಕ ಕಲ್ಲಿನ ಮೇಲೆ ಕೊರೆದಂತೆ ಬಹಿರಂಗವಾಗಿರಲಿ. ಕೊಡಲಾರದವರಿಗೂ ಆ ಸಭೆಯಲ್ಲಿ ಒಂದು ಮಣೆಯಿರಲಿ. ಹಾಗಾದಲ್ಲಿ ಅಯ್ಯಾವೊಳೆಯವರು ಆರಂಭಿಸಿದ ಕಾರ್ಯ ಇನ್ನೊಂದು ಹೆಜ್ಜೆ ಮುಂದುವರಿದಂತಾಗುತ್ತದೆ.